ನಾಲ್ಕು ಬಾಯಲ್ಲೂ ಗ್ರೀಸ್ ಕಾಣಬೇಕು

ಟ್ರಾಕ್ಟರಿನಿಂದ ರೋಟವೇಟರಿಗೆ ಶಕ್ತಿ ಸಾಗಿಸುವ ಶಾಫ್ಟಿನ ಎರಡು ತುದಿಗಳಲ್ಲಿ ಒಂದೊಂದು ಗಂಟು ಇದೆಯಲ್ಲ, ಅದರ ಹೆಸರು ಯುನಿವರ್ಸಲ್ ಜಾಯಿಂಟ್. ಗ್ಯಾರೇಜಿನಲ್ಲಿ ಬರೀ 'ಕ್ರಾಸ್'. ಎಂಜಿನ್ ಆಯಿಲ್ ನೋಡುತ್ತೇವೆ, ರೇಡಿಯೇಟರಿಗೆ ನೀರು ತುಂಬುತ್ತೇವೆ, ಕ್ರಾಸ್ ನೆನಪಾಗುವುದು ಮಾತ್ರ ಅದು ಮುರಿದ ದಿನ. ಮುರಿಯುವುದೂ ಹದ ಬಂದ ಗದ್ದೆಯ ನಡುವೆಯೇ. ಬಿಡಿಭಾಗ ಪೇಟೆಯಿಂದ ಬರುವಷ್ಟರಲ್ಲಿ ಹದ ಹೋಗಿರುತ್ತದೆ.

ಪಿಟಿಓ ಶಾಫ್ಟ್ ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ ಒಂಬತ್ತು. ಶಾಫ್ಟ್ ಓರೆಯಾಗಿದ್ದರೆ ಪ್ರತಿ ಸುತ್ತಿಗೂ ಕ್ರಾಸಿನ ನಾಲ್ಕು ತೋಳುಗಳು ತಮ್ಮ ಬಟ್ಟಲುಗಳ ಒಳಗೆ ಹಿಂದೆ ಮುಂದೆ ಆಡಬೇಕು. ಬಟ್ಟಲೊಳಗಿರುವುದು ಸೂಜಿಯಂಥ ಸಪೂರ ರೋಲರುಗಳು. ಅವು ಪೂರ್ತಿ ಸುತ್ತು ಉರುಳುವುದಿಲ್ಲ, ಇದ್ದಲ್ಲೇ ಒಂಚೂರು ಆಚೀಚೆ. ಅದಕ್ಕೇ ಗ್ರೀಸ್ ಒಣಗಿದರೆ ಒಂದೇ ಜಾಗವನ್ನು ಕೊರೆಯುತ್ತಾ ಹೋಗುತ್ತವೆ. ಹಳೆಯ ಕ್ರಾಸ್ ಬಿಚ್ಚಿ ತೋಳಿನ ಮೇಲೆ ಉಗುರು ಎಳೆದು ನೋಡಿ, ಸಾಲು ಸಾಲು ಗೀರು ಸಿಗುತ್ತದೆ. ಆ ಗೀರು ಬಿದ್ದ ಮೇಲೆ ಎಷ್ಟು ಗ್ರೀಸ್ ತುಂಬಿದರೂ ಅಷ್ಟೇ. ಬಟ್ಟಲು ಸಮೇತ ಪೂರಾ ಸೆಟ್ ಬದಲಾಯಿಸಬೇಕು.

ಈಗ ಮುಖ್ಯ ಸಂಗತಿ. ಕ್ರಾಸಿಗೆ ಇರುವುದು ಒಂದೇ ನಿಪ್ಪಲ್. ಅಲ್ಲಿಂದ ಒಳಗೆ ಕೊರೆದ ದಾರಿಯಲ್ಲಿ ಗ್ರೀಸ್ ನಾಲ್ಕೂ ತೋಳಿಗೆ ಹೋಗಬೇಕು. ನಾಲ್ಕು ಪಂಪ್ ಹೊಡೆದೆ, ಕೆಲಸ ಮುಗಿಯಿತು ಅನ್ನುವ ಲೆಕ್ಕ ಸರಿಯಲ್ಲ. ಪಂಪ್ ಎಣಿಸಬೇಡಿ, ಬಾಯಿ ಎಣಿಸಿ. ನಾಲ್ಕೂ ಬಟ್ಟಲಿನ ಸೀಲ್ ಅಂಚಿನಲ್ಲಿ ಹೊಸ ಗ್ರೀಸ್ ತುಸು ಇಣುಕಬೇಕು. ಮೂರರಲ್ಲಿ ಬಂದು ಒಂದರಲ್ಲಿ ಬಾರದಿದ್ದರೆ ಆ ಒಂದೇ ಇಡೀ ಜಾಯಿಂಟಿನ ಆಯುಷ್ಯ ತೀರ್ಮಾನಿಸುತ್ತದೆ. ಗ್ರೀಸ್ ಗನ್ ಎಂದರೆ ಬರೀ ತುಂಬಿಸುವ ಸಾಧನವಲ್ಲ, ನನ್ನ ಮಟ್ಟಿಗೆ ಅದು ಡಾಕ್ಟರ ಸ್ಟೆತಾಸ್ಕೋಪ್ ಇದ್ದ ಹಾಗೆ.

ಬಾರದ ಬಾಯಿಗೆ ನಾನು ಮಾಡುವುದು ಇಷ್ಟು. ಶಾಫ್ಟನ್ನು ಕೈಯಲ್ಲಿ ಹಿಡಿದು ಆ ಬಟ್ಟಲಿನ ಮೇಲಿನ ಭಾರ ಕಡಿಮೆಯಾಗುವಂತೆ ಅಲ್ಲಾಡಿಸಿ, ಎಳೆದು, ತುಸು ತಿರುಗಿಸಿ ಮತ್ತೆ ಪಂಪ್ ಮಾಡುವುದು. ಹೆಚ್ಚಿನ ಸಲ ಇಷ್ಟಕ್ಕೇ ಬರುತ್ತದೆ. ಮೊದಲು ಕೆಂಪು ಹುಡಿ ಬೆರೆತ ಗ್ರೀಸ್ ಬಂದರೆ ಒಳಗೆ ತುಕ್ಕು ಶುರುವಾಗಿದೆ ಎಂದರ್ಥ. ಬಣ್ಣ ತಿಳಿಯಾಗುವ ತನಕ ತುಂಬಿ, ಆಮೇಲೆ ಆ ಜಾಯಿಂಟಿನ ಮೇಲೆ ಒಂದು ಕಣ್ಣಿಡಿ. ಏನು ಮಾಡಿದರೂ ಬಾರದಿದ್ದರೆ ಹಳೆ ಗ್ರೀಸ್ ಗಟ್ಟಿಯಾಗಿ ದಾರಿ ಕಟ್ಟಿದೆ. ಸರ್ಕ್ಲಿಪ್ ತೆಗೆದು ಬಿಚ್ಚಿ ಸೀಮೆಎಣ್ಣೆ ಇಲ್ಲವೇ ಡೀಸೆಲಿನಲ್ಲಿ ತೊಳೆಯುವುದೇ ದಾರಿ. ಇದನ್ನು ಬಿಡುವಿನ ದಿನ ಮಾಡಿದರೆ ಅರ್ಧ ದಿನದ ಕೆಲಸ, ಗದ್ದೆಯಲ್ಲಿ ಮುರಿದ ಮೇಲಾದರೆ ಒಂದು ವಾರದ ತಲೆಬಿಸಿ.

ಎಷ್ಟು ಗಂಟೆಗೊಮ್ಮೆ? ಮಾಮೂಲಿ ಶಾಫ್ಟಿಗೆ 8 ಗಂಟೆ ಕೆಲಸಕ್ಕೊಮ್ಮೆ ಎಂಬ ರೂಢಿಯಿದೆ. ಈಚಿನ ಕೆಲವು ಒಳ್ಳೆಯ ಸೀಲಿನವಕ್ಕೆ 50 ಗಂಟೆ, ಅದಕ್ಕೂ ಹೆಚ್ಚು ಎಂದು ಬರೆದಿರುತ್ತಾರೆ. ನಿಮ್ಮ ಯಂತ್ರದ ಪುಸ್ತಕ ಹೇಳಿದ್ದೇ ಸರಿ. ಕೆಸರು ಗದ್ದೆಯಲ್ಲಿ ಓಡಿಸಿದ ದಿನ ಮಾತ್ರ ನಾನು ಗಂಟೆ ನೋಡುವುದಿಲ್ಲ, ಸಂಜೆಯೇ ಹಾಕುತ್ತೇನೆ. ಯಂತ್ರ ಬೆಚ್ಚಗಿರುವಾಗ ಒಳಗಿನ ನೀರನ್ನು ಗ್ರೀಸ್ ಹೊರಗೆ ತಳ್ಳಲಿ ಎಂದು. ರಾತ್ರಿಯಿಡೀ ನೀರು ಕೂತರೆ ತುಕ್ಕಿಗೆ ಅಷ್ಟೇ ಸಾಕು.

ಗ್ರೀಸಿನಲ್ಲಿ ಲಿಥಿಯಂ ಜಾತಿಯ 2ನೇ ನಂಬರಿನದು ನಮ್ಮ ಕೆಲಸಕ್ಕೆ ಹೊಂದುತ್ತದೆ. ಡಬ್ಬಿಯ ಮೇಲೆ 'ಇಪಿ' ಎಂದಿದ್ದರೆ ಒತ್ತಡಕ್ಕೆ ಇನ್ನೂ ಒಳ್ಳೆಯದು. ಬೇರೆ ಬೇರೆ ಜಾತಿಯದನ್ನು ಬೆರೆಸಬೇಡಿ. ಕೆಲವು ಜೊತೆಗಳು ತೆಳ್ಳಗಾಗಿ ಸೋರಿ ಹೋಗುತ್ತವೆ. ಸುಟ್ಟ ಎಂಜಿನ್ ಆಯಿಲ್ ಸವರುವವರಿದ್ದಾರೆ. ತಿರುಗುವ ರಭಸಕ್ಕೆ ಅದು ಕ್ರಾಸಿನಿಂದ ಹಾರಿ ನಿಮ್ಮ ಬನಿಯನಿಗೆ ತಗಲುತ್ತದೆ, ಅಷ್ಟೇ ಪ್ರಯೋಜನ!

ಹೀಗೆಂದ ಮಾತ್ರಕ್ಕೆ ಕಂಡ ಕಂಡ ಜಾಯಿಂಟಿಗೆಲ್ಲ ಗ್ರೀಸ್ ಮೆತ್ತುವುದೂ ಅಲ್ಲ. ಮಕ್ಕಳ ರಿಮೋಟ್ ಕಾರು ನೋಡಿ. ಅದರಲ್ಲೂ ಇಂಥದೇ ಪುಟ್ಟ ಗಂಟು, ಕಡ್ಡಿಯ ತುದಿಯ ಪಿನ್ನು ಒಂದು ಬಟ್ಟಲಿನ ಸೀಳಿನಲ್ಲಿ ಕೂತಿರುತ್ತದೆ. ಆದರೆ ಸೀಲ್ ಇಲ್ಲ, ಪೂರಾ ತೆರೆದದ್ದು. ಅದಕ್ಕೆ ದಪ್ಪ ಗ್ರೀಸ್ ಹಚ್ಚಿ ಅಡಿಕೆ ಅಂಗಳದಲ್ಲಿ ಓಡಿಸಿದರೆ ಮರಳು ಮೆತ್ತಿಕೊಂಡು ಅರೆಯುವ ಕಲ್ಲಾಗುತ್ತದೆ. ತೆಳ್ಳಗೆ ಸವರಿ ಒರೆಸುವುದೇ ಒಳ್ಳೆಯದು. ನಮ್ಮ ಶಾಫ್ಟಿನಲ್ಲೂ ಅಂಥ ಒಂದು ಜಾಗವಿದೆ. ಒಂದರೊಳಗೊಂದು ಜಾರುವ ಎರಡು ಕೊಳವೆಗಳು. ಅವಕ್ಕೆ ಗ್ರೀಸ್ ಬೇಕೇ ಬೇಕು, ಆದರೆ ಹಳೆಯದನ್ನು ಮಣ್ಣು ಸಮೇತ ಒರೆಸಿ ತೆಗೆದ ಮೇಲೆ. ಜಾರದೆ ಬಿಗಿದುಕೊಂಡರೆ ರೋಟವೇಟರ್ ಎತ್ತಿ ಇಳಿಸುವಾಗ ಆ ಒತ್ತಡವೆಲ್ಲ ಕ್ರಾಸಿನ ಮೇಲೆ, ಅಲ್ಲಿಂದ ಟ್ರಾಕ್ಟರಿನ ಪಿಟಿಓ ಬೇರಿಂಗಿನ ಮೇಲೆ.

ಕೊಳವೆ ಎಳೆದು ತೆಗೆದರೆ ಮತ್ತೆ ಕೂರಿಸುವಾಗ ಒಂದು ಎಚ್ಚರ. ಕೊಳವೆಗಳಿಗೆ ಸೇರಿದ ಎರಡು ಕವಲುಗಳೂ ಒಂದೇ ಸಮದಲ್ಲಿರಬೇಕು. ಓರೆಯಾದ ಒಂದು ಜಾಯಿಂಟ್ ಪ್ರತಿ ಸುತ್ತಿನಲ್ಲಿ ಎರಡು ಸಲ ವೇಗ ಹೆಚ್ಚು ಕಡಿಮೆ ಮಾಡುತ್ತದೆ. ಇನ್ನೊಂದು ಅದನ್ನು ಸರಿದೂಗಿಸುವುದು ಹೀಗೆ ಹೊಂದಿಸಿದ್ದರೆ ಮಾತ್ರ. ತಪ್ಪಿದರೆ ನಡುಕ. ಹೊಸ ಕ್ರಾಸ್ ಹಾಕಿಯೂ ನಡುಗುತ್ತಿದ್ದರೆ ಮೊದಲು ಇದನ್ನೇ ನೋಡಿ.

ಗ್ರೀಸ್ ಹೊಡೆಯುವ ಮೊದಲು ಎಂಜಿನ್ ಬಂದ್, ಬೀಗದ ಕೈ ಕಿಸೆಯಲ್ಲಿ. ಪಿಟಿಓ ಲಿವರ್ ಬಿಡಿಸಿದ್ದೇನೆ ಎಂಬ ಧೈರ್ಯ ಸಾಲದು. ಬೈರಾಸು ಹೆಗಲಲ್ಲಿ ಬೇಡ, ಲುಂಗಿಯೂ ಬೇಡ. ಸೆಕೆಂಡಿಗೆ ಒಂಬತ್ತು ಸುತ್ತಿನಲ್ಲಿ ಬಟ್ಟೆಯ ತುದಿ ಸಿಕ್ಕಿದರೆ ಕೈ ಎಳೆದುಕೊಳ್ಳಲು ಸಮಯವಿಲ್ಲ. ನಿಪ್ಪಲ್ ಸಿಗುವುದಿಲ್ಲವೆಂದು ಪ್ಲಾಸ್ಟಿಕ್ ಕವಚವನ್ನೇ ಕಿತ್ತು ಬಿಸಾಡಿದವರನ್ನು ಕಂಡಿದ್ದೇನೆ. ಶಾಫ್ಟನ್ನು ಕೈಯಲ್ಲಿ ತಿರುಗಿಸಿ ಕವಚದ ಕಿಂಡಿಗೆ ನಿಪ್ಪಲ್ ಸರಿಯಾಗಿ ಬರುವಂತೆ ಮಾಡಿದರೆ ಗನ್ನಿನ ಮೂತಿ ತಲುಪುತ್ತದೆ. ಕಿಂಡಿಯಿಲ್ಲದ ಕವಚವಾದರೆ ಹಿಂದೆ ಸರಿಸಿ, ಕೆಲಸವಾದ ಮೇಲೆ ಮತ್ತೆ ಹಾಕಿ ಅದರ ಸರಪಳಿ ಸಿಕ್ಕಿಸಿ.

ಮಳೆಗಾಲದ ನಾಟಿ ಮುಗಿದು ಶಾಫ್ಟ್ ಕಳಚುವ ದಿನ ನಾಲ್ಕು ಬಾಯಿ ಕಾಣುವ ತನಕ ತುಂಬಿಸಿಯೇ ಇಡುತ್ತೇನೆ, ನೆಲಕ್ಕೆ ತಾಗದಂತೆ ಕೊಟ್ಟಿಗೆಯ ಅಟ್ಟದಲ್ಲಿ. ಗನ್ ಪಕ್ಕದಲ್ಲೇ ಮೊಳೆಗೆ ನೇತುಹಾಕಿದೆ. ಅದರ ಮೂತಿಗೊಂದು ಚಿಂದಿ ಬಟ್ಟೆ ಕಟ್ಟಿ ಇಡಿ, ಇಲ್ಲದಿದ್ದರೆ ಮೊದಲ ಪಂಪಿಗೇ ಅಟ್ಟದ ಧೂಳು ನಿಪ್ಪಲಿನೊಳಗೆ.