ಬದಲಾಗಬೇಕಾದುದು ಯಾವುದು, ಉಳಿಯಬೇಕಾದುದು ಯಾವುದು? ಉದ್ಯಮಿಯೊಬ್ಬರು ಸೇವಾ ಸಂಸ್ಥೆಗೆ ನೀಡಿದ ನಾಲ್ಕು ಪ್ರಶ್ನೆಗಳ ಒರೆಗಲ್ಲು

ರೋಟರಿ, ಲಯನ್ಸ್‌ನಂತಹ ಸೇವಾ ಸಂಸ್ಥೆಗಳ ಸಭೆಗಳಲ್ಲಿ ಉದ್ಯಮಿಗಳು ಮುಖ್ಯ ಅತಿಥಿಗಳಾಗಿ ಬಂದು ಮಾತನಾಡುವುದು ಮುಂಬಯಿ ಕನ್ನಡಿಗರಿಗೆ ಹೊಸದೇನಲ್ಲ. ಊರಿನಿಂದ ಬರಿಗೈಯಲ್ಲಿ ಬಂದು ಹೊಟೇಲು ಮತ್ತಿತರ ಉದ್ಯಮಗಳಲ್ಲಿ ಹೆಸರು ಮಾಡಿದ ಅನೇಕರು ಈ ಸಂಸ್ಥೆಗಳಲ್ಲಿ ಸದಸ್ಯರಾಗಿ, ಪದಾಧಿಕಾರಿಗಳಾಗಿ ದುಡಿದಿದ್ದಾರೆ. ಅಂತಹ ವೇದಿಕೆಗಳಿಂದ ಪದೇ ಪದೇ ಕೇಳಿಬರುವ ಮಾತು ಎರಡು. ಕಾಲಕ್ಕೆ ತಕ್ಕಂತೆ ಬದಲಾಗಬೇಕು; ಆದರೆ ಮೌಲ್ಯಗಳನ್ನು ಬಿಡಬಾರದು. ಸಭಿಕರು ಚಪ್ಪಾಳೆ ತಟ್ಟುತ್ತಾರೆ, ಅತಿಥಿಗಳಿಗೆ ಶಾಲು ಹೊದಿಸಿ ಸನ್ಮಾನವಾಗುತ್ತದೆ, ಧನ್ಯವಾದ ಸಮರ್ಪಣೆಯೊಂದಿಗೆ ಸಭೆ ಮುಕ್ತಾಯಗೊಳ್ಳುತ್ತದೆ. ಮರುದಿನ ಬೆಳಗ್ಗೆ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಾಗ, ಯಾವುದನ್ನು ಬದಲಿಸಬೇಕು, ಯಾವುದನ್ನು ಬಿಡಬಾರದು ಎಂದು ತೀರ್ಮಾನಿಸುವುದು ಹೇಗೆ ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿರುತ್ತದೆ.

ಈ ಪ್ರಶ್ನೆಗೆ ಭಾಷಣದಿಂದಲ್ಲ, ತಮ್ಮ ವ್ಯಾಪಾರದಿಂದಲೇ ಉತ್ತರ ಕಂಡುಕೊಂಡ ಉದ್ಯಮಿ ಅಮೆರಿಕದ ಹರ್ಬರ್ಟ್ ಜೆ. ಟೇಲರ್. ರೋಟರಿ ಸದಸ್ಯರಿಗೆ ಚಿರಪರಿಚಿತವಾದ ನಾಲ್ಕು ಪ್ರಶ್ನೆಗಳ ಪರೀಕ್ಷೆಯನ್ನು ರೂಪಿಸಿದವರು ಅವರೇ. ಆ ಪ್ರಶ್ನೆಗಳು ಹುಟ್ಟಿದ ಬಗೆಯನ್ನು ಅರಿತರೆ, ಇಂದಿನ ಉದ್ಯಮಿಗಳಿಗೂ ಕನ್ನಡ ಸಂಘ-ಸಂಸ್ಥೆಗಳ ಕಾರ್ಯಕರ್ತರಿಗೂ ಅವು ಹೊಸದಾಗಿ ಕಾಣುವುದು ಖಂಡಿತ.

ಮುಳುಗುತ್ತಿದ್ದ ಕಂಪೆನಿ

1932ನೇ ಇಸವಿ. ಅಮೆರಿಕ ಭಾರೀ ಆರ್ಥಿಕ ಕುಸಿತದಲ್ಲಿ ಸಿಲುಕಿದ್ದ ಕಾಲ. ಅಡುಗೆ ಪಾತ್ರೆಗಳನ್ನು ಮಾರುತ್ತಿದ್ದ ಶಿಕಾಗೊದ ಕ್ಲಬ್ ಅಲ್ಯೂಮಿನಿಯಂ ಕಂಪೆನಿ ದಿವಾಳಿಯ ಅಂಚಿನಲ್ಲಿತ್ತು. ಅದರ ಒಟ್ಟು ಆಸ್ತಿಗಿಂತ ಸಾಲವೇ 4 ಲಕ್ಷ ಡಾಲರ್ ಹೆಚ್ಚಾಗಿತ್ತು. ಸುಮಾರು 250 ಮಂದಿಯ ಅನ್ನದ ಪ್ರಶ್ನೆ ಅದಾಗಿತ್ತು. ಇನ್ನೊಂದು ಕಂಪೆನಿಯಲ್ಲಿ ಉನ್ನತ ಹುದ್ದೆಯಲ್ಲಿದ್ದ ಟೇಲರ್ ಅದನ್ನು ಬಿಟ್ಟು ಇದರ ಹೊಣೆ ಹೊತ್ತರು. ಕೈಯಲ್ಲಿದ್ದ ಬಂಡವಾಳವೆಂದರೆ ಸಾಲವಾಗಿ ತಂದ ಸುಮಾರು 6,100 ಡಾಲರ್.

ಪ್ರತಿಸ್ಪರ್ಧಿಗಳ ಬಳಿ ಇಲ್ಲದ ಏನಾದರೊಂದು ತಮ್ಮಲ್ಲಿರಬೇಕು ಎಂದು ಟೇಲರ್ ಯೋಚಿಸಿದರು. ಹೊಸ ಯಂತ್ರ ಕೊಳ್ಳಲು ಹಣವಿರಲಿಲ್ಲ. ತಮ್ಮ ನೌಕರರ ನಡತೆ ಮತ್ತು ಅದರಿಂದ ಹುಟ್ಟುವ ವಿಶ್ವಾಸವೇ ಆ ಬಂಡವಾಳವಾಗಲಿ ಎಂದು ತೀರ್ಮಾನಿಸಿದರು. ಅದಕ್ಕಾಗಿ ಮೊದಲು ಸುಮಾರು ನೂರು ಪದಗಳ ಒಂದು ನಿಯಮಾವಳಿ ಬರೆದರು. ಅದು ಉದ್ದವಾಯಿತೆನಿಸಿ ಏಳು ಅಂಶಗಳಿಗೆ ಇಳಿಸಿದರು. ಕೊನೆಗೆ ಉಳಿದುದು ನಾಲ್ಕೇ ಪ್ರಶ್ನೆ. ಮಾಡುವ, ಆಡುವ, ಯೋಚಿಸುವ ವಿಷಯ ಸತ್ಯವೇ? ಸಂಬಂಧಪಟ್ಟ ಎಲ್ಲರಿಗೂ ನ್ಯಾಯವೇ? ಅದರಿಂದ ಸದ್ಭಾವನೆ, ಸ್ನೇಹ ಬೆಳೆಯುವುದೇ? ಎಲ್ಲರಿಗೂ ಹಿತವೇ?

ಮೊದಲ ಪರೀಕ್ಷೆ ಬರೆದವರಿಗೇ

ಟೇಲರ್ ಇದನ್ನು ಅಚ್ಚು ಹಾಕಿಸಿ ಗೋಡೆಗೆ ತೂಗಿಸಲಿಲ್ಲ. ಮೇಜಿನ ಗಾಜಿನ ಕೆಳಗಿಟ್ಟು ಮೊದಲು ತಾವೇ ಪಾಲಿಸಿ ನೋಡಲು ನಿರ್ಧರಿಸಿದರು. ಮೊದಲ ದಿನವೇ ಪೇಚು ಎದುರಾಯಿತು. ತಮ್ಮ ಪಾತ್ರೆ ಜಗತ್ತಿನಲ್ಲೇ ಶ್ರೇಷ್ಠವೆಂದು ಸಾರುವ ಜಾಹೀರಾತಿನ ಕರಡು ಮೇಜಿಗೆ ಬಂದಿತ್ತು. ಅದನ್ನು ಸಾಬೀತುಪಡಿಸುವ ದಾರಿ ಅವರ ಬಳಿ ಇರಲಿಲ್ಲ. ಅತಿಶಯದ ಮಾತುಗಳನ್ನು ಕೈಬಿಟ್ಟು, ಪಾತ್ರೆಯ ಬಗ್ಗೆ ಇರುವ ಸಂಗತಿಯನ್ನಷ್ಟೇ ಹೇಳುವಂತೆ ಸೂಚಿಸಿದರು.

ಎರಡು ತಿಂಗಳ ಬಳಿಕ ನಾಲ್ವರು ವಿಭಾಗ ಮುಖ್ಯಸ್ಥರನ್ನು ಕರೆದು ಚರ್ಚಿಸಿದರು. ಅವರಲ್ಲಿ ಒಬ್ಬರು ಕೆಥೊಲಿಕರು, ಒಬ್ಬರು ಯೆಹೂದಿ, ಇನ್ನಿಬ್ಬರು ಕ್ರೈಸ್ತರಲ್ಲೇ ಬೇರೆ ಬೇರೆ ಪಂಗಡದವರು. ಈ ಪ್ರಶ್ನೆಗಳಲ್ಲಿ ನಿಮ್ಮ ಧರ್ಮಕ್ಕೆ ವಿರೋಧವಾದುದು ಏನಾದರೂ ಇದೆಯೇ ಎಂದು ಕೇಳಿದರು. ಯಾರೂ ಇದೆ ಎನ್ನಲಿಲ್ಲ. ಆ ಬಳಿಕವೇ ಅದು ಇಡೀ ಕಂಪೆನಿಯ ನಿಯಮವಾಯಿತು.

ನಿಜವಾದ ಒರೆಗಲ್ಲು ಎದುರಾದುದು ಹಣದ ವಿಷಯದಲ್ಲಿ. ಒಮ್ಮೆ 50 ಸಾವಿರಕ್ಕೂ ಹೆಚ್ಚು ಪಾತ್ರೆಗಳ ಆರ್ಡರ್ ಬರುವ ಸಂದರ್ಭ ಒದಗಿತು. ಕಂಪೆನಿ ಇನ್ನೂ ಚೇತರಿಸಿಕೊಂಡಿರಲಿಲ್ಲ. ಆದರೆ ಕೊಳ್ಳುವವರು ಅವುಗಳನ್ನು ತೀರಾ ಕಡಿಮೆ ಬೆಲೆಗೆ ಮಾರಲಿದ್ದಾರೆ ಎಂಬುದು ತಿಳಿದುಬಂತು. ಕಷ್ಟಕಾಲದಲ್ಲಿ ಕೈಹಿಡಿದಿದ್ದ ಹಳೆಯ ವ್ಯಾಪಾರಿಗಳಿಗೆ ಇದು ನ್ಯಾಯವಲ್ಲ ಎಂದು ಕಂಪೆನಿ ಆ ಆರ್ಡರನ್ನೇ ಬಿಟ್ಟುಕೊಟ್ಟಿತು. ಇನ್ನೊಮ್ಮೆ ಮುದ್ರಕರೊಬ್ಬರು ತಪ್ಪು ಲೆಕ್ಕ ಹಾಕಿ 500 ಡಾಲರ್ ಕಡಿಮೆಗೆ ಕೆಲಸ ಒಪ್ಪಿಕೊಂಡಿದ್ದರು. ಕಾನೂನಿನಂತೆ ಆ ಹಣ ಕೊಡಬೇಕಾಗಿರಲಿಲ್ಲ. ಆದರೂ ಕೊಡುವುದೆಂದು ತೀರ್ಮಾನವಾಯಿತು.

1937ರ ವೇಳೆಗೆ ಕಂಪೆನಿ ಸಾಲವನ್ನು ಬಡ್ಡಿ ಸಮೇತ ತೀರಿಸಿತು. ಮುಂದಿನ 15 ವರ್ಷಗಳಲ್ಲಿ ಷೇರುದಾರರಿಗೆ 10 ಲಕ್ಷ ಡಾಲರಿಗೂ ಮಿಕ್ಕಿ ಲಾಭಾಂಶ ಹಂಚಿತು. ಪ್ರಾಮಾಣಿಕರಿಗೆಲ್ಲ ಲಾಭ ಖಚಿತವೆಂದು ಇದರಿಂದ ತಿಳಿಯಬೇಕಾಗಿಲ್ಲ. ಆರ್ಡರ್ ಬಿಟ್ಟುಕೊಟ್ಟ ದಿನ ಅವರಿಗೆ ಕಂಡುದು ನಷ್ಟ ಮಾತ್ರ. ಆ ದಿನವೂ ಅವರು ಪ್ರಶ್ನೆಯನ್ನು ಪಕ್ಕಕ್ಕಿಡಲಿಲ್ಲ ಎಂಬುದೇ ಇಲ್ಲಿ ಗಮನಾರ್ಹ.

ಸಂಸ್ಥೆಯೇ ಪರೀಕ್ಷೆಗೆ ಒಳಗಾದಾಗ

1905ರಲ್ಲಿ ಶಿಕಾಗೊದಲ್ಲಿ ವಕೀಲ ಪಾಲ್ ಹ್ಯಾರಿಸ್ ಮತ್ತು ಮೂವರು ಗೆಳೆಯರು ಆರಂಭಿಸಿದ ರೋಟರಿ, ಕಲ್ಕತ್ತಾದಲ್ಲಿ 1919ರಲ್ಲಿ, ಮುಂಬಯಿಯಲ್ಲಿ 1929ರಲ್ಲಿ ನೆಲೆಯೂರಿತು. ಟೇಲರ್ ಅವರ ನಾಲ್ಕು ಪ್ರಶ್ನೆಗಳನ್ನು ರೋಟರಿ 1943ರಲ್ಲಿ ತನ್ನದಾಗಿಸಿಕೊಂಡಿತು. 1954-55ರಲ್ಲಿ ಟೇಲರ್ ಅವರೇ ರೋಟರಿಯ ಅಂತಾರಾಷ್ಟ್ರೀಯ ಅಧ್ಯಕ್ಷರಾಗಿ, ಅದರ ಹಕ್ಕನ್ನೂ ಸಂಸ್ಥೆಗೆ ಒಪ್ಪಿಸಿದರು.

ಆದರೆ ಎಲ್ಲರಿಗೂ ನ್ಯಾಯವೇ ಎಂದು ಕೇಳುತ್ತಿದ್ದ ಸಂಸ್ಥೆಯ ಬಾಗಿಲು ಮಹಿಳೆಯರಿಗೆ ಮುಚ್ಚಿಯೇ ಇತ್ತು. 1977ರಲ್ಲಿ ಕ್ಯಾಲಿಫೋರ್ನಿಯಾದ ಡುವಾರ್ಟೆ ಎಂಬ ಪುಟ್ಟ ಊರಿನ ರೋಟರಿ ಕ್ಲಬ್ ಮೂವರು ಮಹಿಳೆಯರನ್ನು ಸದಸ್ಯರನ್ನಾಗಿ ಸೇರಿಸಿಕೊಂಡಿತು. ಮರುವರ್ಷ ಆ ಕ್ಲಬ್ಬಿನ ಮಾನ್ಯತೆಯೇ ರದ್ದಾಯಿತು. ವಿವಾದ ನ್ಯಾಯಾಲಯದ ಮೆಟ್ಟಲೇರಿ, 1987ರ ಮೇ ತಿಂಗಳಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಡುವಾರ್ಟೆ ಕ್ಲಬ್ಬಿನ ಪರ ತೀರ್ಪು ನೀಡಿತು. 1989ರಲ್ಲಿ ರೋಟರಿ ತನ್ನ ನಿಯಮವನ್ನು ತಿದ್ದಿ ಜಗತ್ತಿನಾದ್ಯಂತ ಮಹಿಳೆಯರಿಗೆ ಸದಸ್ಯತ್ವ ತೆರೆಯಿತು. 2022-23ರಲ್ಲಿ ಕೆನಡಾದ ಜೆನಿಫರ್ ಜೋನ್ಸ್ ಅದರ ಮೊದಲ ಮಹಿಳಾ ಅಧ್ಯಕ್ಷರಾದರು.

ನಾಲ್ಕು ಪ್ರಶ್ನೆಗಳನ್ನು ಒಪ್ಪಿಕೊಂಡ ಬಳಿಕ ಅವುಗಳಲ್ಲಿ ಒಂದನ್ನು ತನಗೇ ಕೇಳಿಕೊಳ್ಳಲು ಸಂಸ್ಥೆಗೆ 46 ವರ್ಷ ಬೇಕಾಯಿತು. ಇಲ್ಲಿ ಮೌಲ್ಯ ಬದಲಾವಣೆಗೆ ಅಡ್ಡಬರಲಿಲ್ಲ. ಬದಲಾವಣೆಯನ್ನು ಬೇಡಿದ್ದೇ ಮೌಲ್ಯ. ಅಡ್ಡಬಂದುದು ರೂಢಿ. ರೂಢಿಯನ್ನೇ ಮೌಲ್ಯವೆಂದು ತಿಳಿದಾಗ ಇಂತಹ ವಿಳಂಬ ಎಲ್ಲಿಯೂ ಆಗಬಹುದು.

ಉಡುಪಿಯ ಎರಡಾಣೆ

ಈ ವಿಚಾರ ತಿಳಿಯಲು ಶಿಕಾಗೊಗೇ ಹೋಗಬೇಕೆಂದಿಲ್ಲ. ಕೈಮಗ್ಗ ನೇಕಾರರು ಸಂಕಷ್ಟದಲ್ಲಿದ್ದ ಕಾಲದಲ್ಲಿ, 1925ರಲ್ಲಿ, ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ ಮತ್ತು ವಾಮನ ಕುಡ್ವ ಅವರು ಉಡುಪಿಯಲ್ಲಿ ಸ್ಥಾಪಿಸಿದ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಯಿತು. ಆರಂಭದ ಬಂಡವಾಳ 8 ಸಾವಿರ ರೂಪಾಯಿ. 1928ರಲ್ಲಿ ಅದು ಪಿಗ್ಮಿ ಠೇವಣಿ ಯೋಜನೆ ಆರಂಭಿಸಿ, ಮನೆ ಬಾಗಿಲಿಗೇ ಏಜೆಂಟರನ್ನು ಕಳುಹಿಸಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಉಳಿತಾಯವನ್ನೂ ಸಂಗ್ರಹಿಸಿತು. ಗ್ರಾಹಕರು ಬ್ಯಾಂಕಿನ ಮೆಟ್ಟಲು ಹತ್ತಬೇಕು ಎಂಬ ರೂಢಿಯನ್ನು ಅದು ಬದಲಿಸಿತು. ಬಡವನ ಎರಡಾಣೆಗೂ ಲೆಕ್ಕ ಸರಿಯಿರಬೇಕು ಎಂಬುದನ್ನು ಬದಲಿಸುವಂತಿರಲಿಲ್ಲ. ಆ ನಂಬಿಕೆ ತಪ್ಪಿದ್ದರೆ ಮರುದಿನ ಯಾರೂ ಬಾಗಿಲು ತೆರೆಯುತ್ತಿರಲಿಲ್ಲ. 1969ರಲ್ಲಿ ಬ್ಯಾಂಕ್ ರಾಷ್ಟ್ರೀಕರಣಗೊಂಡಿತು. 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನೊಂದಿಗೆ ವಿಲೀನವಾಗಿ ಹೆಸರೂ ಮರೆಯಾಯಿತು. ದಿನದ ದುಡಿಮೆಯಲ್ಲಿ ಒಂದಿಷ್ಟು ಎತ್ತಿಡುವುದಕ್ಕೆ ಕರಾವಳಿಯ ಜನ ಇಂದಿಗೂ ಪಿಗ್ಮಿ ಎಂದೇ ಹೇಳುತ್ತಾರೆ.

ಸಂಘ-ಸಂಸ್ಥೆಗಳ ಮುಂದಿರುವ ಪ್ರಶ್ನೆ

ಮುಂಬಯಿಯ ಹೊಟೇಲುಗಳಲ್ಲಿ ಕಟ್ಟಿಗೆಯ ಒಲೆ ಹೋಗಿ ಗ್ಯಾಸ್ ಬಂತು, ರುಬ್ಬುವ ಕಲ್ಲಿನ ಜಾಗಕ್ಕೆ ಗ್ರೈಂಡರ್ ಬಂತು, ಈಗ ಆರ್ಡರೂ ಹಣವೂ ಮೊಬೈಲಿನಲ್ಲೇ ಬರುತ್ತವೆ. ಇವನ್ನೆಲ್ಲ ಒಪ್ಪಿಕೊಳ್ಳಲು ಯಾರೂ ಅಳುಕಬೇಕಾಗಿಲ್ಲ. ಅಪ್ಪಟ ತುಪ್ಪ ಎಂಬ ಬೋರ್ಡಿನ ಹಿಂದೆ ಅಪ್ಪಟ ತುಪ್ಪವೇ ಇದೆಯೇ, ರಿಯಾಯಿತಿಯ ಭಾರ ಅಡುಗೆಯವನ, ಕ್ಲೀನರನ ಸಂಬಳದ ಮೇಲೆ ಬೀಳುತ್ತಿದೆಯೇ ಎಂಬುದು ಮಾತ್ರ ಬೇರೆ ಪ್ರಶ್ನೆ. ಹಗಲು ಹೊಟೇಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತು ಮೇಲೆ ಬಂದವರ ಸಮುದಾಯಕ್ಕೆ ಈ ಎರಡನೇ ಪ್ರಶ್ನೆಯ ತೂಕ ವಿವರಿಸಬೇಕಾಗಿಲ್ಲ.

ಸಂಘಗಳ ವಿಷಯವೂ ಅಷ್ಟೇ. ವಾರ್ಷಿಕ ಮಹಾಸಭೆಯಲ್ಲಿ ಮಂಡಿಸುವ ಲೆಕ್ಕಪತ್ರ ಕೊನೆಯ ಸಾಲಿನಲ್ಲಿ ಕುಳಿತ ಸದಸ್ಯನಿಗೂ ಅರ್ಥವಾಗುವಂತಿದೆಯೇ? ವಿದ್ಯಾರ್ಥಿ ವೇತನ ಪರಿಚಯವಿಲ್ಲದ ಮನೆಯ ಅರ್ಹ ಮಗುವಿಗೂ ಸಿಗುವುದೇ? ಚುನಾವಣೆಯಲ್ಲಿ ಸೋತವರು ಮುಂದಿನ ಕಾರ್ಯಕ್ರಮಕ್ಕೆ ಬರುವಂತಹ ವಾತಾವರಣ ಉಳಿಯುವುದೇ? ಹಬ್ಬದ ಅಡುಗೆ, ಸ್ವಾಗತ, ಸಾಂಸ್ಕೃತಿಕ ಕಾರ್ಯಕ್ರಮ ಎಲ್ಲವನ್ನೂ ನಡೆಸಿಕೊಡುವ ಮಹಿಳೆಯರಿಗೆ ಮಹಿಳಾ ವಿಭಾಗದ ಆಚೆ, ಮುಖ್ಯ ಸಮಿತಿಯ ಕುರ್ಚಿಯೂ ಇದೆಯೇ? ರೋಟರಿಗೆ ಹಿಡಿದಷ್ಟು ವರ್ಷ ಇಲ್ಲಿ ಹಿಡಿಯಬೇಕಾಗಿಲ್ಲ.

ಮರಾಠಿ, ಹಿಂದಿ, ಇಂಗ್ಲಿಷಿನ ನಡುವೆ ಬೆಳೆದ ಹೊಸ ತಲೆಮಾರು ಸಂಘದತ್ತ ಸುಳಿಯುವುದಿಲ್ಲ ಎಂಬ ಕೊರಗು ಬಹುತೇಕ ಸಭೆಗಳಲ್ಲಿ ಕೇಳಿಬರುತ್ತದೆ. ಕನ್ನಡ ಉಳಿಯಬೇಕೆಂಬುದು ಮೌಲ್ಯ. ಅದಕ್ಕಾಗಿ ಮೂರು ಗಂಟೆಯ ಸಭಾ ಕಾರ್ಯಕ್ರಮವೇ ಆಗಬೇಕೆಂಬುದು ರೂಢಿ. ಮಕ್ಕಳು ಮೊಬೈಲಿನಲ್ಲೇ ಕನ್ನಡ ಅಕ್ಷರ ಕಲಿಯುವುದಾದರೆ, ತೊದಲು ಕನ್ನಡದಲ್ಲೇ ವೇದಿಕೆಯಿಂದ ನಾಲ್ಕು ಮಾತು ಆಡುವುದಾದರೆ, ಅವರ ತಪ್ಪಿಗೆ ನಗದೆ ಬರಮಾಡಿಕೊಳ್ಳುವುದು ಹಿರಿಯರ ಕೆಲಸ.

ಟೇಲರ್ ನೂರು ಪದಗಳನ್ನು ನಾಲ್ಕು ಪ್ರಶ್ನೆಗಳಿಗೆ ಇಳಿಸಿದುದು, ದುಡಿಯುವವರಿಗೆ ಅವು ಕೆಲಸದ ನಡುವೆ ನೆನಪಿಗೆ ಬರಲಿ ಎಂದು. ಸಂಘದ ಮುಂದಿನ ಸಮಿತಿ ಸಭೆಯಲ್ಲಿ ಕಾರ್ಯಸೂಚಿಯ ಒಂದೇ ಒಂದು ವಿಷಯವನ್ನು, ಕೈಯೆತ್ತಿ ಅಂಗೀಕರಿಸುವ ಮುನ್ನ, ಈ ಒರೆಗಲ್ಲಿಗೆ ತಿಕ್ಕಿ ನೋಡಿದರೂ ಸಾಕು. ಹತ್ತು ನಿಮಿಷ ತಡವಾಗಬಹುದು. ಆ ತಡದಲ್ಲಿ ಸಂಘಕ್ಕೆ ನಷ್ಟವೇನೂ ಇಲ್ಲ.