ಉಮ್ಮತ್ತೂರಿನ ಗಂಗರಾಜ: ಕಾವೇರಿಯಲ್ಲಿ ಮುಗಿದ ಸಿಂಹಾಸನದ ಹಂಬಲ

ಚಾಮರಾಜನಗರ ಜಿಲ್ಲೆಯ ಉಮ್ಮತ್ತೂರು ಇಂದು ಊರ ದೇವತೆ ಉರುಕಾತೇಶ್ವರಿಯಿಂದಲೂ ಹಳೆಯ ಭುಜಂಗೇಶ್ವರ ದೇವಾಲಯದಿಂದಲೂ ಸುತ್ತಲಿನವರಿಗೆ ಪರಿಚಿತವಾದ ಹಳ್ಳಿ. ಐದು ಶತಮಾನಗಳ ಹಿಂದೆ ಈ ಊರಿನ ಹೆಸರು ಹಂಪೆಯ ಅರಮನೆಗೆ ನಿದ್ದೆ ಕೆಡಿಸುವಂಥದ್ದಾಗಿತ್ತು. ವಿಜಯನಗರದ ಅಧಿಕಾರ ಹಿಡಿದ ಮೂವರು, ಅಂದರೆ ತುಳುವ ನರಸನಾಯಕ ಮತ್ತು ಅವನ ಇಬ್ಬರು ಮಕ್ಕಳು, ಒಬ್ಬರಾದ ಮೇಲೊಬ್ಬರು ಈ ನಾಡಿನ ಮೇಲೆ ದಂಡೆತ್ತಿ ಬಂದರು. ಮೂರನೆಯವನಾದ ಕೃಷ್ಣದೇವರಾಯನ ಕಾಲಕ್ಕಷ್ಟೇ, 1512ರ ಹೊತ್ತಿಗೆ, ಉಮ್ಮತ್ತೂರಿನ ಕಥೆ ಮುಗಿಯಿತು.

ಉಮ್ಮತ್ತೂರಿನ ಒಡೆಯರು ಹದಿನೈದನೇ ಶತಮಾನದ ಉತ್ತರಾರ್ಧದಲ್ಲಿ ಬಲಿತ ಮನೆತನ. ಕಾವೇರಿ, ಕಪಿಲೆ, ಸುವರ್ಣಾವತಿ ನದಿಗಳ ನಡುವಿನ ಫಲವತ್ತಾದ ಬಯಲು, ತೆರಕಣಾಂಬಿಯ ಕಡೆಯ ಘಟ್ಟದ ದಾರಿಗಳು, ನೀಲಗಿರಿಯ ತಪ್ಪಲು ಅವರ ಕೈಯಲ್ಲಿದ್ದವು. ಇಂದಿನ ಅಗರ, ಮಾಂಬಳ್ಳಿ, ಯಳಂದೂರು, ಕೊಳ್ಳೇಗಾಲದ ಸೀಮೆ ಅವರ ಬಲದ ನೆಲೆಗೆ ಅಂಟಿಕೊಂಡೇ ಇತ್ತು. ಘಟ್ಟದ ಮೇಲಿನ ಮೈಸೂರು ಸೀಮೆಗೂ ಕೆಳಗಿನ ಕೊಂಗುನಾಡಿಗೂ ನಡೆಯುತ್ತಿದ್ದ ವ್ಯಾಪಾರದ ದಾರಿ ಹಾದುಹೋಗುವುದು ಇಲ್ಲೇ. ಆ ದಾರಿಯನ್ನು ಹಿಡಿದವನಿಗೆ ಸುಂಕದ ಆದಾಯಕ್ಕೆ ಬರವಿರಲಿಲ್ಲ.

ಅವರ ಮನಸ್ಸಿನಲ್ಲಿ ಏನಿತ್ತು ಎಂಬುದಕ್ಕೆ ಶಾಸನಗಳಲ್ಲಿರುವ ಬಿರುದುಗಳೇ ಸಾಕ್ಷಿ. ‘ಜವಾದಿ ಕೋಲಾಹಲ’ದಂಥ ಬಿರುದು ಸಿರಿವಂತಿಕೆಯ ಮೆರೆದಾಟ, ಅಂಥದ್ದನ್ನು ಯಾವ ಪಾಳೆಯಗಾರನಾದರೂ ಹಾಕಿಸಿಕೊಂಡಾನು. ‘ಪೆನುಗೊಂಡ ಚಕ್ರೇಶ್ವರ’ ಎಂಬುದು ಹಾಗಲ್ಲ. ಪೆನುಗೊಂಡೆ ವಿಜಯನಗರ ಸಾಮ್ರಾಜ್ಯದ ಎರಡನೇ ರಾಜಧಾನಿಯಂತಿದ್ದ ಕೋಟೆ, ರಾಜಕುಮಾರರು ಇದ್ದು ಆಳುತ್ತಿದ್ದ ಸ್ಥಳ. ಜತೆಗೆ ಉಮ್ಮತ್ತೂರಿನವರು ‘ಚಿಕ್ಕರಾಯ’ ಎಂದೂ ಕರೆದುಕೊಂಡರು. ಅದು ವಿಜಯನಗರದ ಯುವರಾಜನಿಗೆ ಸಲ್ಲುತ್ತಿದ್ದ ಹೆಸರು. ಕಪ್ಪಕಾಣಿಕೆ ತಪ್ಪಿಸಿಕೊಳ್ಳಲು ಹೊರಟ ಸಣ್ಣ ಸಾಮಂತನೊಬ್ಬ ಹೀಗೆ ಬರೆಸುವುದಿಲ್ಲ. ಸಿಂಹಾಸನದ ಪಕ್ಕದ ಪೀಠವನ್ನಾದರೂ ತನ್ನದೆಂದುಕೊಂಡವನು ಮಾತ್ರ ಬರೆಸಬಲ್ಲ.

ಆ ಧೈರ್ಯ ಎಲ್ಲಿಂದ ಬಂತು ಎಂದು ನೋಡಿದರೆ ಹಂಪೆಯ ಆಗಿನ ಸ್ಥಿತಿಯೇ ಉತ್ತರ ಹೇಳುತ್ತದೆ. ಸಂಗಮ ವಂಶದ ಕೊನೆಯ ಅರಸನನ್ನು ಓಡಿಸಿ 1485ರಲ್ಲಿ ಸಾಳುವ ನರಸಿಂಹ ಪಟ್ಟಕ್ಕೆ ಬಂದ. 1491ರಲ್ಲಿ ಅವನು ತೀರಿಕೊಂಡಾಗ ಮಕ್ಕಳಿನ್ನೂ ಚಿಕ್ಕವರು. ರಾಜ್ಯಭಾರ ದಂಡನಾಯಕ ನರಸನಾಯಕನ ಕೈಗೆ ಹೋಯಿತು. ಹಿರಿಯ ರಾಜಕುಮಾರ ಕೊಲೆಯಾದ. ಕಿರಿಯನಾದ ಇಮ್ಮಡಿ ನರಸಿಂಹ ಹೆಸರಿಗೆ ಅರಸ. ಅವನಿದ್ದದ್ದು ಪೆನುಗೊಂಡೆಯ ಕೋಟೆಯೊಳಗೆ, ನರಸನಾಯಕನ ಕಾವಲಿನಲ್ಲಿ. 1503ರಲ್ಲಿ ನರಸನಾಯಕ ಸತ್ತ ಮೇಲೆ ಅಧಿಕಾರ ಅವನ ಮಗ ವೀರನರಸಿಂಹನದಾಯಿತು. 1505ರಲ್ಲಿ ಇಮ್ಮಡಿ ನರಸಿಂಹನ ಕೊಲೆಯೂ ನಡೆದು, ವೀರನರಸಿಂಹ ತಾನೇ ದೊರೆಯೆಂದು ಸಾರಿಕೊಂಡ. ಇಪ್ಪತ್ತು ವರ್ಷದಲ್ಲಿ ಸಿಂಹಾಸನ ಎರಡು ಬಾರಿ ಬಲಾತ್ಕಾರದಿಂದ ಕೈಬದಲಾಗಿತ್ತು. ಗೆದ್ದವನು ರಾಯ, ಸೋತವನು ದ್ರೋಹಿ ಎಂಬ ಲೆಕ್ಕ ನಡೆಯುತ್ತಿದ್ದ ಆ ಕಾಲದಲ್ಲಿ ಪೆನುಗೊಂಡೆ ನನ್ನದು ಎಂದ ಉಮ್ಮತ್ತೂರಿನವನನ್ನು ಮಾತ್ರ ದ್ರೋಹಿಯೆನ್ನುವುದು ನ್ಯಾಯವಲ್ಲ.

ದೂರದ ಬೈಜಾಂಟಿಯಂ ಸಾಮ್ರಾಜ್ಯದಲ್ಲೂ ಇದೇ ರೀತಿ ನಡೆಯುತ್ತಿತ್ತು. ಅಲ್ಲಿ ಪಟ್ಟಕ್ಕೆ ವಂಶದ ಹಕ್ಕಿಗಿಂತ ಸೈನ್ಯದ ಬೆಂಬಲವೇ ಎಷ್ಟೋ ಸಲ ದೊಡ್ಡದಾಗುತ್ತಿತ್ತು. 820ರಲ್ಲಿ ಚಕ್ರವರ್ತಿಯೊಬ್ಬನನ್ನು ಕೊಂದು ಎರಡನೇ ಮೈಕೇಲ್ ಪಟ್ಟವೇರಿದಾಗ, ಅವನ ವಿರುದ್ಧ ಎದ್ದ ಥಾಮಸ್ ಎಂಬ ಸೇನಾನಿ ಕಾನ್‌ಸ್ಟಾಂಟಿನೋಪಲ್‌ಗೆ ಮುತ್ತಿಗೆ ಹಾಕಿ, ಕೋಟೆ ಒಡೆಯಲಾಗದೆ 823ರಲ್ಲಿ ಸಿಕ್ಕಿಬಿದ್ದ. ಥಾಮಸ್‌ನ ಹಾಗೆ ಉಮ್ಮತ್ತೂರಿನವರು ರಾಜಧಾನಿಯ ಬಾಗಿಲಿಗೆ ಹೋಗಲಿಲ್ಲ. ತಮ್ಮ ನೆಲದಲ್ಲೇ ನಿಂತು, ರಾಯರ ಸೈನ್ಯ ತಮ್ಮ ಬಳಿಗೆ ಬರಲಿ ಎಂದು ಕಾದರು. ಅವರ ಬಲವೂ ದೌರ್ಬಲ್ಯವೂ ಅದೇ.

ಮೊದಲು ಬಂದವನು ನರಸನಾಯಕ. ತುಂಬಿ ಹರಿಯುತ್ತಿದ್ದ ಕಾವೇರಿಗೆ ಸೇತುವೆ ಕಟ್ಟಿ ದಾಟಿ, ವೈರಿಯನ್ನು ಜೀವಂತ ಹಿಡಿದು, ಶ್ರೀರಂಗಪಟ್ಟಣವನ್ನು ತನ್ನದಾಗಿಸಿಕೊಂಡನೆಂದು ತುಳುವ ಅರಸರ ಶಾಸನಗಳು ಮತ್ತೆ ಮತ್ತೆ ಕೊಂಡಾಡುತ್ತವೆ. ಆದರೂ ಉಮ್ಮತ್ತೂರು ಮಣಿಯಲಿಲ್ಲ. ವೀರನರಸಿಂಹ ಪಟ್ಟಕ್ಕೆ ಬಂದದ್ದೇ ತಡ, ನಾಲ್ಕೂ ಕಡೆ ಸಾಮಂತರು ತಿರುಗಿಬಿದ್ದರು. ಅವರಲ್ಲಿ ಗಟ್ಟಿಯಾಗಿ ನಿಂತವರು ಉಮ್ಮತ್ತೂರಿನವರು. ತಮ್ಮ ಕೃಷ್ಣದೇವರಾಯನನ್ನು ರಾಜಧಾನಿಯಲ್ಲಿ ಬಿಟ್ಟು ವೀರನರಸಿಂಹ ತಾನೇ ಬಂದು ಉಮ್ಮತ್ತೂರಿಗೂ ಶ್ರೀರಂಗಪಟ್ಟಣಕ್ಕೂ ಮುತ್ತಿಗೆ ಹಾಕಿದ. ಕೋಟೆಗಳು ಬೀಳಲಿಲ್ಲ. 1509ರಲ್ಲಿ ಅವನು ಸತ್ತಾಗ ದಕ್ಷಿಣದ ಈ ಬಂಡಾಯ ಇನ್ನೂ ಉರಿಯುತ್ತಲೇ ಇತ್ತು.

ಕೃಷ್ಣದೇವರಾಯನಿಗೆ ಇದು ಮೊದಲ ದೊಡ್ಡ ಪರೀಕ್ಷೆ. ಉತ್ತರದಲ್ಲಿ ಬಹಮನಿ ಸುಲ್ತಾನರು, ಪೂರ್ವದಲ್ಲಿ ಉದಯಗಿರಿಯನ್ನು ಹಿಡಿದು ಕುಳಿತಿದ್ದ ಒಡಿಶಾದ ಗಜಪತಿ. ಇವರ ಕಡೆ ತಿರುಗುವ ಮೊದಲು ಬೆನ್ನ ಹಿಂದಿನ ವೈರಿಯನ್ನು ಮುಗಿಸಲೇಬೇಕಿತ್ತು. ಉತ್ತರದ ದಾಳಿಯನ್ನು ಹಿಮ್ಮೆಟ್ಟಿಸಿ 1510ರಲ್ಲಿ ಅವನು ದಕ್ಷಿಣಕ್ಕೆ ಹೊರಟ. ದಂಡಯಾತ್ರೆಯ ಕ್ರಮದಲ್ಲೇ ಅವನ ಜಾಣತನ ಕಾಣುತ್ತದೆ. ಮೊದಲು ಪೆನುಗೊಂಡೆ, ಅಂದರೆ ಉಮ್ಮತ್ತೂರಿನವರ ಹಕ್ಕಿನ ಮಾತಿಗೆ ಆಧಾರವಾಗಿದ್ದ ಸ್ಥಳ. ಆಮೇಲೆ ಶ್ರೀರಂಗಪಟ್ಟಣ. ಕೊನೆಗೆ ಉಮ್ಮತ್ತೂರಿನ ಆಗಿನ ಒಡೆಯ ಗಂಗರಾಜನ ಮೂಲ ನೆಲೆಯಾದ ಶಿವನಸಮುದ್ರ.

ಶಿವನಸಮುದ್ರವನ್ನು ನೋಡಿದವರಿಗೆ ಮುತ್ತಿಗೆ ಯಾಕೆ ಅಷ್ಟು ಕಾಲ ಎಳೆಯಿತೆಂದು ಬಿಡಿಸಿ ಹೇಳಬೇಕಿಲ್ಲ. ಸತ್ಯಗಾಲ ದಾಟಿದ ಮೇಲೆ ಕಾವೇರಿ ಎರಡು ಕವಲಾಗಿ ಒಂದು ನಡುಗಡ್ಡೆಯನ್ನು ಬಳಸಿ ಹರಿಯುತ್ತದೆ. ಒಂದು ಕವಲು ಗಗನಚುಕ್ಕಿಯಲ್ಲಿ, ಇನ್ನೊಂದು ಭರಚುಕ್ಕಿಯಲ್ಲಿ ಧುಮುಕಿ ಕೆಳಗೆ ಮತ್ತೆ ಒಂದಾಗುತ್ತವೆ. ನಡುಗಡ್ಡೆಯ ಒಂದು ತುದಿಯಲ್ಲಿ ನೂರಾರು ಅಡಿ ಆಳದ ಕಮರಿ, ಉಳಿದ ಕಡೆಯೆಲ್ಲ ಬಂಡೆಗಳ ನಡುವೆ ನುಗ್ಗುವ ನೀರು. ಮಳೆಗಾಲದಲ್ಲಿ ಆನೆಯೂ ಅಲ್ಲಿ ಕಾಲಿಡಲಾರದು. ಬೇಸಿಗೆಯಲ್ಲಿ ನೀರು ಇಳಿದರೂ ಹೊರಗಿನವರಿಗೆ ದಾಟುವ ಕಡವು ಗೊತ್ತಾಗುವಂತಿಲ್ಲ. ಮಧ್ಯರಂಗನೆಂದು ಹೆಸರಾದ ರಂಗನಾಥನೂ ಸೋಮೇಶ್ವರನೂ ಇರುವ ಈ ನಡುಗಡ್ಡೆಯಲ್ಲಿ ಗಂಗರಾಜನ ಊರೂ ಕೋಟೆಯೂ ಇದ್ದವು.

ಮುತ್ತಿಗೆ ವರ್ಷಕ್ಕೂ ಮಿಕ್ಕಿ ನಡೆಯಿತು. ಕೋಟೆ ಹೇಗೆ ಬಿತ್ತು ಎಂಬುದಕ್ಕೆ ಪೋರ್ಚುಗೀಸ್ ಕುದುರೆ ವ್ಯಾಪಾರಿ ನುನಿಜ್‌ನ ಬರವಣಿಗೆಯಲ್ಲಿ ಒಂದು ಸುಳಿವಿದೆ ಎಂದು ಕೆಲವು ಇತಿಹಾಸಕಾರರ ಅಭಿಪ್ರಾಯ. ಬಹುಕಾಲ ಬಂಡೆದ್ದಿದ್ದ ಒಬ್ಬ ಒಡೆಯ, ನೀರು ಸುತ್ತುವರಿದ ಅವನ ಪಟ್ಟಣ, ನದಿಗೆ ಹಲವು ಕಾಲುವೆ ತೋಡಿಸಿ ನೀರನ್ನು ಬೇರೆಡೆ ಹರಿಸಿ ಗೋಡೆಯ ಬಳಿಗೆ ತಲುಪಿದ ಕೃಷ್ಣದೇವರಾಯ. ನುನಿಜ್ ಆ ಸ್ಥಳವನ್ನು ‘ಕತುಯಿರ್’ ಎಂದು ಕರೆದಿರುವುದರಿಂದ ಅದು ಬೇರೆ ಊರೆಂದು ವಾದಿಸುವವರೂ ಇದ್ದಾರೆ. ವರ್ಣನೆ ಮಾತ್ರ ಶಿವನಸಮುದ್ರಕ್ಕೆ ಚೆನ್ನಾಗಿ ಒಪ್ಪುತ್ತದೆ. ಅಲ್ಲಿ ಕಾವೇರಿಯನ್ನು ಕಾಲುವೆಗೆ ತಿರುಗಿಸುವುದು ಆಗದ ಕೆಲಸವೇನಲ್ಲ. 1902ರಲ್ಲಿ ಶುರುವಾದ ವಿದ್ಯುತ್ ಕೇಂದ್ರಕ್ಕೂ ಇದೇ ಸ್ಥಳದಲ್ಲಿ ನದಿಯಿಂದ ಕಾಲುವೆ ತೆಗೆದೇ ನೀರು ಒಯ್ದದ್ದು.

ಕೋಟೆ ಬಿದ್ದಾಗ ಗಂಗರಾಜ ತಪ್ಪಿಸಿಕೊಳ್ಳಲು ಹೋಗಿ ಕಾವೇರಿಯಲ್ಲಿ ಮುಳುಗಿ ಸತ್ತ. ಕೋಟೆಯನ್ನು ಕೆಡವಿಸಲಾಯಿತು.

ಜನರ ಬಾಯಲ್ಲಿ ಈ ಸಾವು ಬೇರೆಯಾಗಿಯೇ ಬೆಳೆಯಿತು. ಹತ್ತೊಂಬತ್ತನೇ ಶತಮಾನದ ಗೆಜೆಟಿಯರ್‌ನಲ್ಲಿ ದಾಖಲಾದ ಐತಿಹ್ಯದಲ್ಲಿ ಶಿವನಸಮುದ್ರಕ್ಕೆ ಇಬ್ಬರು ಗಂಗರಾಜರು. ನಡುವೆ ಆಳಿದ ನಂದಿರಾಜ ಯಾವುದೋ ದೋಷದ ಪ್ರಾಯಶ್ಚಿತ್ತಕ್ಕೆ ಹೆಂಡತಿಯೊಡನೆ ಕುದುರೆಯೇರಿ ಗಗನಚುಕ್ಕಿಗೆ ಹಾರಿದನಂತೆ. ಎರಡನೇ ಗಂಗರಾಜನ ಹೆಣ್ಣುಮಕ್ಕಳಲ್ಲಿ ಒಬ್ಬಳನ್ನು ಸತ್ಯಗಾಲದ ಬಳಿಯ ಕಿಲಿಮಲೆಗೂ ಇನ್ನೊಬ್ಬಳನ್ನು ಮದ್ದೂರಿನ ಹತ್ತಿರದ ನಗರಕೆರೆಗೂ ಕೊಟ್ಟಿತ್ತು. ತವರಿನ ವೈಭವವನ್ನು ಅವರು ಎತ್ತಿಯಾಡಿದ್ದರಿಂದ ಕೆರಳಿದ ಅಳಿಯಂದಿರೇ ಮುತ್ತಿಗೆ ಹಾಕಿದರು. ಹನ್ನೆರಡು ವರ್ಷವಾದರೂ ದಕ್ಕದ ಕೋಟೆಗೆ ಕೊನೆಗೆ ದಳವಾಯಿಯೇ ದ್ರೋಹ ಬಗೆದು ದಾಟುವ ಕಡವನ್ನು ತೋರಿಸಿಕೊಟ್ಟ. ಗಂಗರಾಜ ಜಲಪಾತಕ್ಕೆ ಹಾರಿದ, ಹೆಣ್ಣುಮಕ್ಕಳು ಭರಚುಕ್ಕಿಗೆ ಬಿದ್ದರು, ಗಂಡಂದಿರೂ ಅವರ ಹಿಂದೆಯೇ ಹೋದರು. ಈ ಕಥೆಯಲ್ಲಿ ಹಂಪೆಯ ಸುದ್ದಿಯಿಲ್ಲ, ಕೃಷ್ಣದೇವರಾಯನ ಹೆಸರಿಲ್ಲ. ಸಾಮ್ರಾಜ್ಯದ ಜಗಳ ಮರೆತುಹೋಗಿ ಮನೆಯ ಜಗಳ ಉಳಿದಿದೆ. ಆದರೂ ನೀರೇ ಕಾವಲಾಗಿದ್ದ ಕೋಟೆ, ದೀರ್ಘ ಮುತ್ತಿಗೆ, ನೀರಿನಲ್ಲೇ ಆದ ಅರಸನ ಸಾವು ಎಂಬ ಮೂರು ಸಂಗತಿಗಳನ್ನು ಜನರ ನೆನಪು ಬಿಟ್ಟುಕೊಟ್ಟಿಲ್ಲ.

ಗೆದ್ದ ನಾಡನ್ನು ಕೃಷ್ಣದೇವರಾಯ ಹೊಸ ಪ್ರಾಂತ್ಯವಾಗಿ ಕಟ್ಟಿ ಶ್ರೀರಂಗಪಟ್ಟಣವನ್ನು ಅದರ ಮುಖ್ಯ ಸ್ಥಳ ಮಾಡಿದ. ಮಹಾಪ್ರಧಾನಿ ತಿಮ್ಮರಸನ ತಮ್ಮ ಸಾಳುವ ಗೋವಿಂದರಾಜನಿಗೆ ಅದರ ಆಡಳಿತ ಒಪ್ಪಿಸಿದ. ಬೆನ್ನ ಹಿಂದಿನ ಭಯ ಕಳೆದ ಮೇಲೆ, 1513ರಲ್ಲಿ ರಾಯನ ಸೈನ್ಯ ಉದಯಗಿರಿಯ ಕಡೆ ಹೊರಟಿತು. ಅವನ ಹೆಸರನ್ನು ದೊಡ್ಡದು ಮಾಡಿದ ಕಳಿಂಗದ ವಿಜಯಗಳು ಆಮೇಲಿನವು.

ಒಂದು ಶತಮಾನ ಕಳೆದ ಮೇಲೆ, 1610ರಲ್ಲಿ, ಮೈಸೂರಿನ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಹಿಡಿದರು. ಉಮ್ಮತ್ತೂರೂ ಸ್ವಲ್ಪ ಕಾಲದಲ್ಲೇ ಮೈಸೂರಿಗೆ ಸೇರಿತು. ಶಿವನಸಮುದ್ರದ ಹಾಳುಬಿದ್ದ ಸೇತುವೆಗಳನ್ನು ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ದುರಸ್ತಿ ಮಾಡಿಸಿದವರು ಜಹಗೀರುದಾರ ರಾಮಸ್ವಾಮಿ ಮೊದಲಿಯಾರ್.

ಕೃಷ್ಣದೇವರಾಯನ ಗೆಲುವನ್ನು ಹಾಡಿದ ಕಾವ್ಯಗಳಿವೆ, ಹೊಗಳಿದ ತಾಮ್ರಶಾಸನಗಳಿವೆ. ಸೋತವರ ಕಡೆಯ ಮಾತು ಉಳಿದಿರುವುದು ಈ ಸೀಮೆಯ ಹಳ್ಳಿಗಳ ಕಲ್ಲುಗಳಲ್ಲಿ ಮಾತ್ರ: ದೇವಸ್ಥಾನಕ್ಕೆ ಬಿಟ್ಟ ಹೊಲ, ಮನ್ನಿಸಿದ ತೆರಿಗೆ, ಅದರ ಮೇಲೊಂದು ‘ಪೆನುಗೊಂಡ ಚಕ್ರೇಶ್ವರ’. ಚಾಮರಾಜನಗರ, ಕೊಳ್ಳೇಗಾಲ, ಯಳಂದೂರು ತಾಲ್ಲೂಕುಗಳ ಶಾಸನಗಳು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಪರಿಷ್ಕೃತ ನಾಲ್ಕನೇ ಸಂಪುಟದಲ್ಲಿ ಅಚ್ಚಾಗಿವೆ. ಗುಡಿಯ ಜೀರ್ಣೋದ್ಧಾರ ಮಾಡಿಸುವ ಊರಿನವರು ಹಳೆಯ ಕಲ್ಲನ್ನು ಮೆಟ್ಟಿಲಿಗೋ ಪಾಯಕ್ಕೋ ಹಾಕುವ ಮೊದಲು ಆ ಸಂಪುಟವನ್ನೊಮ್ಮೆ ತೆರೆದು ನೋಡಬೇಕು, ಬರಹವಿರುವ ಕಲ್ಲನ್ನು ಇದ್ದಲ್ಲೇ ಉಳಿಸಬೇಕು.