ಕೆಲಸ ಕಂಪನಿಯದು, ಹೆಸರು ನನ್ನದು

ತಾಳಗುಂದದ ಪ್ರಣವೇಶ್ವರ ದೇವಾಲಯದ ಎದುರಿರುವ ಕಂಬವನ್ನು ಓದಬೇಕೆಂದರೆ ಕತ್ತು ವಾಲಿಸಲೇಬೇಕು. ಎಂಟು ಮುಖದ ಗಟ್ಟಿ ಕಲ್ಲಿನ ಮೇಲೆ ಅಕ್ಷರದ ಸಾಲುಗಳು ಅಡ್ಡಕ್ಕೆ ಓಡುವುದಿಲ್ಲ, ಬುಡದಿಂದ ತುದಿಯ ಕಡೆಗೆ ಏರುತ್ತವೆ. ಕ್ರಿ.ಶ. ಐದನೆಯ ಶತಮಾನದ ಸಂಸ್ಕೃತ ಪದ್ಯಗಳು ಅವು. ಕದಂಬರ ಕಾಕುಸ್ಥವರ್ಮ ಇಲ್ಲಿನ ಶಿವಾಲಯದ ಬಳಿ ಕೆರೆ ಕಟ್ಟಿಸಿದ ಸಂಗತಿಯನ್ನು ಅವನ ಮಗ ಶಾಂತಿವರ್ಮ ಬರೆಯಿಸಿದ. ಗುರು ವೀರಶರ್ಮನ ಜೊತೆ ಕಂಚಿಯ ಘಟಿಕೆಗೆ ಓದಲು ಹೋದ ಮಯೂರಶರ್ಮ, ಪಲ್ಲವರ ಕುದುರೆ ಸವಾರನೊಂದಿಗೆ ಆದ ಜಗಳ, ದರ್ಭೆ ಬಿಟ್ಟು ಕತ್ತಿ ಹಿಡಿದ ಕೈ, ಹೀಗೆ ಶಾಲೆಯಲ್ಲಿ ನಾವೆಲ್ಲ ಉರುಹೊಡೆದ ಕಥೆ ಬಂದದ್ದು ಇದೇ ಕಂಬದಿಂದ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟದಲ್ಲಿ ಇದು ಶಿಕಾರಿಪುರ ತಾಲ್ಲೂಕಿನ 176ನೆಯ ಶಾಸನ.

ರಾಜರಿಗಿಂತ ಹೆಚ್ಚು ಕುತೂಹಲ ಹುಟ್ಟಿಸುವವನು ಕವಿ ಕುಬ್ಜ. ಶಾಂತಿವರ್ಮನ ಅಪ್ಪಣೆಯಂತೆ ತನ್ನ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದೆನೆಂದು ಕೊನೆಯಲ್ಲಿ ದಾಖಲಿಸಿದ್ದಾನೆ. ಕೆರೆ ತೋಡಿದವರು, ಮಣ್ಣು ಹೊತ್ತವರು, ಏರಿ ಹಾಕಿದವರು ಯಾರೂ ಆ ಕಂಬದಲ್ಲಿಲ್ಲ. ಕೆಲಸ ಮಾಡಿದವರ ಹೆಸರು ಅಳಿದು, ಕೆಲಸದ ಬಗ್ಗೆ ಬರೆದವನ ಹೆಸರು ಉಳಿಯಿತು. ಅನ್ಯಾಯ ಅನ್ನಿಸಬಹುದು. ಆದರೆ ವೈಟ್‌ಫೀಲ್ಡಿನಲ್ಲೋ ಎಲೆಕ್ಟ್ರಾನಿಕ್ಸ್ ಸಿಟಿಯಲ್ಲೋ ದಿನವಿಡೀ ಕೋಡ್ ಬರೆಯುವ ಹುಡುಗ ಹುಡುಗಿಯರನ್ನು ಕೇಳಿ ನೋಡಿ, ಅವರ ಸ್ಥಿತಿಯೂ ಕೆರೆ ತೋಡಿದವರದ್ದೇ.

ತಾಳಗುಂದದ ಪಕ್ಕದಲ್ಲೇ ಇರುವ ಬಳ್ಳಿಗಾವಿಯವರು ಈ ವಿಷಯದಲ್ಲಿ ಇನ್ನೂ ಚುರುಕು. ಹನ್ನೆರಡನೆಯ ಶತಮಾನದಲ್ಲಿ ಇಲ್ಲಿಂದ ಬೇಲೂರಿಗೆ ಕೆಲಸಕ್ಕೆ ಹೋದ ಶಿಲ್ಪಿ ದಾಸೋಜ ಹೆಸರು ಬಿಟ್ಟು ಬರಲಿಲ್ಲ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠಾಪಿಸಿದ ಚೆನ್ನಕೇಶವ ದೇವಾಲಯದ ಕೆಲವು ಮದನಿಕೆಯರ ಪೀಠದಲ್ಲಿ ದಾಸೋಜ ಮತ್ತು ಅವನ ಮಗ ಚಾವಣನ ಸಹಿಗಳಿವೆ. ಜೊತೆಗೆ ಊರಿನ ಹೆಸರು, ತಂದೆಯ ಹೆಸರು. ಬೇಲೂರಿನ ಶಿಲ್ಪಿಗಳ ಸಹಿಗಳಲ್ಲಿ ಎದುರಾಳಿ ಶಿಲ್ಪಿಗಳನ್ನು ಕೆಣಕುವ ಬಿರುದುಗಳೂ ಇವೆ. ಇವತ್ತಿನ ರೆಸ್ಯೂಮೆಯಲ್ಲಿ ಇರಬೇಕಾದದ್ದೆಲ್ಲ ಅಲ್ಲಿದೆ, ಫೋನ್ ನಂಬರ್ ಒಂದು ಬಿಟ್ಟು. ಮುಂದಿನ ಶತಮಾನದ ಮಲ್ಲಿತಮ್ಮನ ಹೆಸರು ನುಗ್ಗೇಹಳ್ಳಿಯಲ್ಲೂ ಸಿಗುತ್ತದೆ, ಸೋಮನಾಥಪುರದಲ್ಲೂ ಸಿಗುತ್ತದೆ. ಸಹಿ ಇರುವುದರಿಂದಲೇ ಒಬ್ಬ ಕಸುಬುದಾರ ಯಾವ ಊರಿನಿಂದ ಯಾವ ಊರಿಗೆ ಹೋದ, ಎಷ್ಟು ಕಾಲ ದುಡಿದ ಎಂದು ಇತಿಹಾಸಕಾರರು ಹೇಳಬಲ್ಲರು.

ಸಾಫ್ಟ್‌ವೇರಿನಲ್ಲಿ ಪೀಠದ ಮೇಲೆ ಸಹಿ ಹಾಕುವ ಹಾಗಿಲ್ಲ. ಕೆಲಸಕ್ಕೆ ಸೇರುವ ದಿನ ಸಹಿ ಮಾಡುವ ಕರಾರಿನಲ್ಲೇ ಬರೆದ ಕೋಡೆಲ್ಲ ಕಂಪನಿಯದು, ಹೊರಗೆ ತೋರಿಸಕೂಡದು ಎಂದಿರುತ್ತದೆ. ಐದು ವರ್ಷ ಒಂದು ಬ್ಯಾಂಕಿನ ಸರ್ವರ್ ಬೀಳದಂತೆ ಕಾಪಾಡಿದವನು ಮುಂದಿನ ಸಂದರ್ಶನಕ್ಕೆ ಹೋದಾಗ ಬಾಯಿಮಾತಿನಲ್ಲಿ ಹೇಳಬೇಕೇ ಹೊರತು ಕೈಯಲ್ಲಿ ಹಿಡಿದು ತೋರಿಸಲು ಏನೂ ಇರುವುದಿಲ್ಲ. ಈ ಖಾಲಿ ಜಾಗಕ್ಕೆ ಬಂದು ಕೂತದ್ದೇ ತಾಂತ್ರಿಕ ಲೇಖನ. ಗ್ರಾಹಕರ ಗುಟ್ಟು ಬಿಟ್ಟುಕೊಡದೆ, ಕಲಿತ ಪಾಠವನ್ನಷ್ಟೇ ತೆಗೆದು ಹೆಸರು ಹಾಕಿ ಬರೆಯಬಹುದು. ಕೆಲಸ ಬಿಟ್ಟರೂ ಜೊತೆಗೆ ಬರುವ ಆಸ್ತಿ ಅದೊಂದೇ.

ಇಂಥ ಬರವಣಿಗೆ ಶುರುವಾದದ್ದು ವೃತ್ತಿಯ ಲೆಕ್ಕಾಚಾರದಿಂದಲ್ಲ, ಹುಚ್ಚಿನಿಂದ. ಅಮೆರಿಕದಲ್ಲಿ 1976ರಲ್ಲಿ ಹುಟ್ಟಿದ ಡಾ. ಡಾಬ್ಸ್ ಜರ್ನಲ್‌ನಂಥ ಪತ್ರಿಕೆಗಳು ಇಡೀ ಪ್ರೋಗ್ರಾಮನ್ನೇ ಅಚ್ಚು ಹಾಕುತ್ತಿದ್ದವು. ಓದುಗರು ಸಾಲು ಸಾಲಾಗಿ ತಮ್ಮ ಯಂತ್ರಕ್ಕೆ ಟೈಪ್ ಮಾಡಿಕೊಳ್ಳುತ್ತಿದ್ದರು. ಬರೆಯುವವನೂ ಓದುವವನೂ ಒಂದೇ ಜಾತಿಯ ಮರುಳರು. ನಮ್ಮಲ್ಲಿ ಆ ಪಾತ್ರ ವಹಿಸಿದ್ದು 1969ರಲ್ಲಿ ದೆಹಲಿಯಲ್ಲಿ ಆರಂಭವಾದ ಎಲೆಕ್ಟ್ರಾನಿಕ್ಸ್ ಫಾರ್ ಯು. ಓದುಗರು ಕಳಿಸಿದ ಸರ್ಕ್ಯೂಟ್‌ಗಳು ಅದರಲ್ಲಿ ಅಚ್ಚಾಗುತ್ತಿದ್ದವು. ಅದನ್ನು ನೋಡಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಐ.ಸಿ., ಕೆಪಾಸಿಟರ್ ಕೊಂಡು, ಬೆಸುಗೆ ಹಾಕಿ, ಕೈ ಸುಟ್ಟುಕೊಂಡ ಒಂದು ಪೀಳಿಗೆಯೇ ಇದೆ. ಸರ್ಕ್ಯೂಟ್ ಕೆಲಸ ಮಾಡಲಿಲ್ಲವೆಂದರೆ ಪತ್ರಿಕೆಗೆ ಕಾಗದ ಬರೆದು ಜಗಳ ತೆಗೆಯುವ ಹಕ್ಕೂ ಓದುಗನಿಗಿತ್ತು.

ಸಾಫ್ಟ್‌ವೇರ್ ಕಡೆ ದಾರಿ ಮಾಡಿದ್ದು 1987ರಲ್ಲಿ ಬಂದ ಪಿ.ಸಿ. ಕ್ವೆಸ್ಟ್ ಪತ್ರಿಕೆ. ಅದರಲ್ಲಿ ಅಂಕಣ ಬರೆಯುತ್ತಿದ್ದ ಅತುಲ್ ಚಿಟ್ನಿಸ್ ಹುಟ್ಟಿದ್ದು ಜರ್ಮನಿಯಲ್ಲಾದರೂ ನೆಲೆಸಿದ್ದು ಬೆಂಗಳೂರಿನಲ್ಲಿ. ದೇಶದ ಜನಸಾಮಾನ್ಯರಿಗೆ ಇಂಟರ್‌ನೆಟ್ ಬಂದದ್ದೇ 1995ರ ಆಗಸ್ಟ್ 15ರಂದು, ಅದೂ ವಿ.ಎಸ್.ಎನ್.ಎಲ್.ನ ಡಯಲ್‌ಅಪ್ ಸಂಪರ್ಕದಲ್ಲಿ. ಅದಕ್ಕೆ ಮೊದಲೇ ಅವರು ಮೋಡೆಮ್, ದತ್ತಾಂಶ ಸಂಪರ್ಕಗಳ ಬಗ್ಗೆ ಬರೆಯುತ್ತಿದ್ದರು. 1996ರಲ್ಲಿ ಪತ್ರಿಕೆಯ ಜೊತೆ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯ ಸಿ.ಡಿ. ಹಂಚುವ ಕೆಲಸದ ಹಿಂದೆಯೂ ಅವರಿದ್ದರು. ಅದರ ಮಹತ್ವ ಈಗಿನವರಿಗೆ ತಟ್ಟಲಾರದು. ಆ ಕಾಲದ ಫೋನ್ ಲೈನಿನಲ್ಲಿ ಲಿನಕ್ಸ್ ಇಳಿಸಿಕೊಳ್ಳಲು ಕೂತರೆ ರಾತ್ರಿಗಳೇ ಸಾಲುತ್ತಿರಲಿಲ್ಲ, ಬಿಲ್ಲು ನೋಡಿ ಮನೆಯವರು ಫೋನನ್ನೇ ತೆಗೆಸುತ್ತಿದ್ದರು. ಶಿವಮೊಗ್ಗದ ಎಂಜಿನಿಯರಿಂಗ್ ಹಾಸ್ಟೆಲಿನ ಹುಡುಗನಿಗೆ ಪತ್ರಿಕೆಯ ಜೊತೆ ಬಂದ ತಟ್ಟೆಯೇ ಗತಿ. ಅದನ್ನು ಹಾಕಿಕೊಳ್ಳುವುದು ಹೇಗೆಂದು ಹೇಳುವ ಲೇಖನವೇ ಮೇಷ್ಟ್ರು.

ಹೀಗೆ ಬರೆದು ಗಳಿಸಿದ ಹೆಸರನ್ನು ಚಿಟ್ನಿಸ್ ಏನು ಮಾಡಿದರು ಎನ್ನುವುದು ಗಮನಿಸಬೇಕಾದ ವಿಷಯ. ಆ ಹೆಸರಿಗೆ ಓಗೊಟ್ಟು ಜನ ಸೇರಿದರು. 2001ರಲ್ಲಿ ಲಿನಕ್ಸ್ ಬೆಂಗಳೂರು ಸಮ್ಮೇಳನ ನಡೆಯಿತು, ಅದೇ ಮುಂದೆ ಫಾಸ್ ಡಾಟ್ ಇನ್ ಆಗಿ ಬೆಳೆಯಿತು. ಅವರು 2013ರ ಜೂನ್ 3ರಂದು ತೀರಿಕೊಂಡರು. ಯಾವ ಕಂಪನಿಯ ಯಾವ ಹುದ್ದೆಯಲ್ಲಿದ್ದರು ಎಂದು ಕೇಳಿದರೆ ಬಹಳ ಜನಕ್ಕೆ ಗೊತ್ತಿಲ್ಲ. ಅಂಕಣ ಮಾತ್ರ ಗೊತ್ತು.

2003ರಲ್ಲಿ ಲಿನಕ್ಸ್ ಫಾರ್ ಯು ಪತ್ರಿಕೆ ಬಂತು. ಈಗ ಅದರ ಹೆಸರು ಓಪನ್ ಸೋರ್ಸ್ ಫಾರ್ ಯು. ಕಂಪನಿ ಕೆಲಸದಲ್ಲಿದ್ದುಕೊಂಡೇ ತಿಂಗಳು ತಿಂಗಳು ಬರೆಯುವವರ ಗುಂಪೊಂದು ಇಲ್ಲಿ ತಯಾರಾಯಿತು. ಬೆಂಗಳೂರಿನ ಎಸ್.ಜಿ. ಗಣೇಶ್ ಇದರಲ್ಲಿ ಜಾಯ್ ಆಫ್ ಪ್ರೋಗ್ರಾಮಿಂಗ್ ಅಂಕಣ ಬರೆದರು. ಸಂಧ್ಯಾ ಮನ್ನಾರಸ್ವಾಮಿಯವರ ಕೋಡ್‌ಸ್ಪೋರ್ಟ್ ಪ್ರೋಗ್ರಾಮಿಂಗಿನ ಒಗಟುಗಳನ್ನು, ಸಂದರ್ಶನದಲ್ಲಿ ಕೇಳುವಂಥ ಪ್ರಶ್ನೆಗಳನ್ನು ಬಿಡಿಸುತ್ತಿತ್ತು. ಗಣೇಶ್ ಮುಂದೆ ಗಿರೀಶ್ ಸೂರ್ಯನಾರಾಯಣ, ತುಷಾರ್ ಶರ್ಮ ಅವರೊಂದಿಗೆ ಸೇರಿ ಬರೆದ, ತಂತ್ರಾಂಶದ ವಿನ್ಯಾಸದಲ್ಲಿ ಕೊಳೆಯುವ ಭಾಗಗಳನ್ನು ಗುರುತಿಸಿ ಸರಿಪಡಿಸುವ ಪುಸ್ತಕ 2014ರಲ್ಲಿ ಮಾರ್ಗನ್ ಕೌಫ್‌ಮನ್ ಪ್ರಕಾಶನದಿಂದ ಬಂತು. ಅಂಕಣದಿಂದ ಪುಸ್ತಕಕ್ಕೆ, ಪುಸ್ತಕದಿಂದ ತರಬೇತಿ, ಸಲಹೆಯ ಕೆಲಸಕ್ಕೆ ಏರುವ ಈ ಮೆಟ್ಟಿಲು ಆ ಹೊತ್ತಿಗೆ ಗಟ್ಟಿಯಾಗಿತ್ತು.

ಒಂದು ತಾಂತ್ರಿಕ ಲೇಖನ ತಯಾರಾಗುವ ಬಗೆಯನ್ನು ಹತ್ತಿರದಿಂದ ನೋಡಿದರೆ ಅದು ವೃತ್ತಿಗೆ ಯಾಕೆ ಒದಗುತ್ತದೆ ಎನ್ನುವುದು ತಿಳಿಯುತ್ತದೆ. ಮೊದಲು ಸಂಪಾದಕರಿಗೆ ನಾಲ್ಕು ಸಾಲಿನ ಪ್ರಸ್ತಾವ: ಓದುಗನಿಗೆ ಏನು ಬರುವುದಿಲ್ಲ, ಲೇಖನ ಓದಿದ ಮೇಲೆ ಏನು ಬರುತ್ತದೆ. ಅವರು ಹೂಂ ಅಂದಮೇಲೆ ಮ್ಯಾನೇಜರ್ ಮತ್ತು ಕಾನೂನು ವಿಭಾಗದ ಅನುಮತಿ. ಬಹಳಷ್ಟು ಲೇಖನಗಳು ಸಾಯುವುದು ಈ ಬಾಗಿಲಲ್ಲೇ. ಆಮೇಲೆ ಕರಡು. ಆಫೀಸಿನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡಿದ ಕೋಡನ್ನು ಏನೂ ಹಾಕಿರದ ಹೊಸ ಯಂತ್ರದಲ್ಲಿ ಓಡಿಸಿದಾಗ ಮೂರನೆಯ ಹೆಜ್ಜೆಯಲ್ಲೇ ಅದು ಮುಗ್ಗರಿಸುತ್ತದೆ. ಯಾವಾಗಲೋ ಹಾಕಿಕೊಂಡು ಮರೆತಿದ್ದ ಒಂದು ಲೈಬ್ರರಿ, ತನಗೆ ಮಾತ್ರ ಗೊತ್ತಿರುವ ಒಂದು ಪಾಸ್‌ವರ್ಡ್, ಆವೃತ್ತಿ ಬದಲಾಗಿ ಹೆಸರು ಕಳೆದುಕೊಂಡ ಒಂದು ಕಮಾಂಡ್ ಒಂದೊಂದಾಗಿ ಹೊರಬೀಳುತ್ತವೆ. ಪರಿಶೀಲಕರು ಅಂಚಿನಲ್ಲಿ ಕೇಳುತ್ತಾರೆ: ಇದು ವೇಗವಾಗಿದೆ ಎಂದಿರಲ್ಲ, ಅಳೆದಿರಾ? ಅಳೆದಿರುವುದಿಲ್ಲ. ಅಳೆಯಲು ಹೋದಾಗ ವೇಗವಾಗಿಲ್ಲ ಎಂದೂ ಗೊತ್ತಾಗಬಹುದು.

ಎರಡು ವರ್ಷ ಮೀಟಿಂಗಿನಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ಸಾವಿರ ಮೈಲಿ ದೂರದ ಪರಿಚಯವಿಲ್ಲದ ಒಬ್ಬರು ಕೇಳುತ್ತಾರೆ. ಬೈಲೈನಿಗಿಂತ ಇದೇ ದೊಡ್ಡ ಲಾಭ ಎಂದು ನನ್ನ ಅಭಿಪ್ರಾಯ. ಬರೆದು ಬೆಳೆದವರೆಂದು ನಾವು ಹೇಳುವವರಲ್ಲಿ ಹೆಚ್ಚಿನವರು ಬೆಳೆದದ್ದು ಬರೆದದ್ದು ಅಚ್ಚಾದ ಮೇಲಲ್ಲ, ಕರಡು ವಾಪಸ್ ಬಂದಾಗ.

ಕಂಪನಿಗಳಿಗೂ ತಾಂತ್ರಿಕ ಲೇಖನದ ಲಾಭ ಬೇಗ ತಿಳಿಯಿತು. ಐ.ಬಿ.ಎಂ. 1999ರಲ್ಲೇ ಡೆವಲಪರ್‌ವರ್ಕ್ಸ್ ಜಾಲತಾಣ ತೆರೆದು ಎಂಜಿನಿಯರುಗಳಿಂದ ಲೇಖನ ಬರೆಸಿತು. ಜಾಹೀರಾತು ನಂಬದ ಎಂಜಿನಿಯರು ಇನ್ನೊಬ್ಬ ಎಂಜಿನಿಯರು ಹೇಳಿದರೆ ನಂಬುತ್ತಾನೆ. ಕ್ಲೌಡ್ ಕಂಪನಿಗಳು ಬಂದಮೇಲೆ ಇದಕ್ಕೆಂದೇ ಸಂಬಳದ ಹುದ್ದೆಗಳು ಹುಟ್ಟಿದವು. ಬರೆಯುವುದು, ವೇದಿಕೆ ಹತ್ತಿ ಮಾತಾಡುವುದೇ ಕೆಲಸ. ಕೋಡ್ ಬರೆಯುವುದು ಬೇಸರವಾಗಿ ಈ ಕಡೆ ದಾಟಿಕೊಂಡವರು ಬೆಂಗಳೂರಿನಲ್ಲಿ ಬೇಕಾದಷ್ಟಿದ್ದಾರೆ.

ಆಮೇಲೆ ಬರೆಯುವುದಕ್ಕೆ ಇನ್ನೊಂದು ಕಾರಣ ಬಂತು: ಗ್ರೀನ್ ಕಾರ್ಡು, ಅಂದರೆ ಅಮೆರಿಕದಲ್ಲಿ ಕಾಯಂ ನೆಲೆಸುವ ಪರವಾನಗಿ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಅಮೆರಿಕದ ಮಗನ ವೀಸಾದ ಮಾತು ಅಡಿಕೆ ಧಾರಣೆಯಷ್ಟೇ ಸಲೀಸು. ಉದ್ಯೋಗದ ಗ್ರೀನ್ ಕಾರ್ಡಿನಲ್ಲಿ ಒಂದು ದೇಶದವರಿಗೆ ಶೇ 7ರ ಮಿತಿ. ಹೀಗಾಗಿ ಸಾಮಾನ್ಯ ಸಾಲಿನಲ್ಲಿ ನಿಂತ ಭಾರತೀಯ ಎಂಜಿನಿಯರ್ ಹತ್ತು ವರ್ಷಕ್ಕೂ ಹೆಚ್ಚು ಕಾಯಬೇಕು. ಇ.ಬಿ.-1ಎ ಎಂಬ ಇನ್ನೊಂದು ಬಾಗಿಲಿದೆ, ಅದು ಅಸಾಧಾರಣ ಸಾಮರ್ಥ್ಯದವರಿಗೆ. ಅಲ್ಲಿ ಕಾಯುವ ಅವಧಿ ಕಡಿಮೆ. ಜಗತ್ತೇ ಬಲ್ಲ ಪ್ರಶಸ್ತಿ ಇಲ್ಲದವರು ಹತ್ತು ಮಾನದಂಡಗಳಲ್ಲಿ ಕನಿಷ್ಠ ಮೂರನ್ನು ಪೂರೈಸಿ ತೋರಿಸಬೇಕು. ಆ ಹತ್ತರಲ್ಲಿ ಒಂದು, ತಮ್ಮ ಕ್ಷೇತ್ರದ ಪತ್ರಿಕೆಗಳಲ್ಲಿ ವಿದ್ವತ್ ಲೇಖನ ಬರೆದಿರುವುದು. ಇನ್ನೊಂದು, ಇತರರ ಕೆಲಸಕ್ಕೆ ತೀರ್ಪುಗಾರರಾಗಿರುವುದು.

ವಲಸೆ ಇಲಾಖೆಯ ಈ ಎರಡು ಸಾಲು ತಾಂತ್ರಿಕ ಬರವಣಿಗೆಗೆ ತಂದ ಜನಜಂಗುಳಿಯನ್ನು ಯಾವ ಸಂಪಾದಕನೂ ತರಲಾಗಿರಲಿಲ್ಲ. ಹನ್ನೆರಡು ವರ್ಷ ಒಂದಕ್ಷರ ಬರೆಯದವರು ಒಂದೇ ವರ್ಷದಲ್ಲಿ ಎಂಟು ಲೇಖನ ಹಾಕಿಸುತ್ತಾರೆ. ಹಣ ತೆಗೆದುಕೊಂಡು ವಾರದೊಳಗೆ ಅಚ್ಚು ಹಾಕುವ, ಹೆಸರಿನಲ್ಲಿ ಅಂತರರಾಷ್ಟ್ರೀಯ ಎಂದಿರುವ ಪತ್ರಿಕೆಗಳು ಹುಟ್ಟಿಕೊಂಡಿವೆ. ಈಗ ಎ.ಐ. ಬಂದು ಕರಡಿನ ಕಷ್ಟವನ್ನೂ ತಪ್ಪಿಸಿದೆ. ಸಾಲಿನಲ್ಲಿ ಕೊಳೆಯುತ್ತಿರುವವರ ಸಂಕಟ ನನಗೆ ಅರ್ಥವಾಗುತ್ತದೆ, ಮಕ್ಕಳ ಓದು, ಮನೆ ಸಾಲ ಎಲ್ಲ ಆ ಒಂದು ಕಾರ್ಡಿಗೆ ತಗುಲಿಕೊಂಡಿರುತ್ತದೆ. ಆದರೆ ಆ ಲೇಖನಗಳಲ್ಲಿ ಕೆಲವನ್ನು ಓದಿದರೆ ಯಾರಿಗಾಗಿ ಬರೆದದ್ದು ಎಂಬುದೇ ತಿಳಿಯುವುದಿಲ್ಲ. ಪ್ರಯೋಗ ಮಾಡಿ ನೋಡುವ ಓದುಗ ಅವುಗಳ ಲೆಕ್ಕದಲ್ಲೇ ಇಲ್ಲ. ಕಡತಕ್ಕೆ ಲಗತ್ತಿಸಲು ಬರೆದ ಲೇಖನ ಕಡತದಲ್ಲೇ ಇರುತ್ತದೆ.

ಕಸುಬುದಾರ ಕಸುಬುದಾರನಿಗೆ ಬರೆದರೆ ಹೇಗಿರುತ್ತದೆ ಎನ್ನುವುದಕ್ಕೆ ನಮ್ಮಲ್ಲೇ ಒಂದು ಒಳ್ಳೆಯ ಉದಾಹರಣೆಯಿದೆ, ಅದು ಸಾಫ್ಟ್‌ವೇರಿನದಲ್ಲ. ಪುತ್ತೂರಿನಿಂದ 1988ರಲ್ಲಿ ಹೊರಟ ಅಡಿಕೆ ಪತ್ರಿಕೆ. ಶ್ರೀಪಡ್ರೆ ಮತ್ತು ಸಂಗಡಿಗರು ಕೃಷಿಕರ ಕೈಗೆ ಲೇಖನಿ ಎಂದು ಕಮ್ಮಟಗಳನ್ನೇ ನಡೆಸಿ ತೋಟದವರಿಂದ ಬರೆಸಿದರು. ಮಾಡಿ ನೋಡಿದವನೇ ಬರೆಯಬೇಕು, ಖರ್ಚೆಷ್ಟು, ಎಡವಿದ್ದೆಲ್ಲಿ ಎಂದು ಹೇಳಬೇಕು. ಓದಿದವನು ಮರುದಿನವೇ ತೋಟಕ್ಕೆ ಹೋಗಿ ಪರೀಕ್ಷಿಸುತ್ತಾನೆ. ಸುಳ್ಳಾದರೆ ಲೇಖಕನ ಮನೆಗೇ ಬರುತ್ತಾನೆ. ಶಿಕಾರಿಪುರ, ಸೊರಬದ ಅಡಿಕೆ ಬೆಳೆಗಾರರ ಮನೆಯಿಂದ ಹೋದ ಎಂಜಿನಿಯರುಗಳಿಗೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕಿಲ್ಲ.

ಕನ್ನಡದಲ್ಲಿ ಇದಕ್ಕೆ ಹಳೆಯ ಬೇರೂ ಇದೆ. ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶಯ್ಯಂಗಾರ್ ಅವರು ವಿಜ್ಞಾನ ಮಾಸಪತ್ರಿಕೆ ತಂದದ್ದು 1918ರಲ್ಲಿ. ಅದು ಬಾಳಿದ್ದು ಎರಡೇ ವರ್ಷ. ಕಂಪ್ಯೂಟರ್ ಕಾಲಕ್ಕೆ ಬಂದರೆ, ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಯು.ಬಿ. ಪವನಜ 1996ರಲ್ಲೇ ವಿಶ್ವಕನ್ನಡವನ್ನು ಅಂತರಜಾಲಕ್ಕೆ ತಂದರು, ಆಮೇಲೆ ಗ್ಯಾಜೆಟ್ ಲೋಕ ಅಂಕಣದಿಂದ ಮನೆಮಾತಾದರು. ಸಾಫ್ಟ್‌ವೇರ್ ಎಂಜಿನಿಯರ್ ಟಿ.ಜಿ. ಶ್ರೀನಿಧಿ 2007ರಲ್ಲಿ ಇಜ್ಞಾನ ಜಾಲತಾಣ ಶುರುಮಾಡಿ, ಪತ್ರಿಕೆಗಳಿಗೂ ಬರೆದು, ಪುಸ್ತಕಗಳನ್ನೂ ತಂದರು. ಇವರು ಬರೆದದ್ದು ಕೋಡ್ ಬರೆಯುವವರಿಗಲ್ಲ, ಕೋಡಿನ ಫಲ ಉಣ್ಣುವ ಎಲ್ಲರಿಗೆ. ಆ ಕೆಲಸ ಇನ್ನೂ ಕಷ್ಟದ್ದು.

ಆದರೆ ಎಂಜಿನಿಯರು ಎಂಜಿನಿಯರಿಗೆ ಕನ್ನಡದಲ್ಲಿ ಬರೆಯುವ ಪತ್ರಿಕೆ ನಮ್ಮಲ್ಲಿ ಬೇರೂರಲೇ ಇಲ್ಲ. ಪುರವಣಿಗಳಲ್ಲಿ ಜಾಗವಿದೆ, ಓದುಗರಿದ್ದಾರೆ, ಗೌರವಧನವೂ ಬರುತ್ತದೆ, ಒಂದು ಒಳ್ಳೆಯ ಊಟದಷ್ಟು. ಕೋಡನ್ನು ಓಡಿಸಿ ನೋಡಿ ಇದು ನಡೆಯುವುದಿಲ್ಲ ಎಂದು ವಾಪಸ್ ಕಳಿಸುವ ಪರಿಶೀಲಕರು ಮಾತ್ರ ಇಲ್ಲ. ಇಂಗ್ಲಿಷಿನಲ್ಲಿ ಬರೆದ ಲೇಖನಕ್ಕೆ ಅಪ್ರೈಸಲ್ ಫಾರ್ಮಿನಲ್ಲಿ ಪ್ರತ್ಯೇಕ ಕಾಲಂ ಇರುವ ಕಂಪನಿಗಳಿವೆ. ಕನ್ನಡದ ಲೇಖನ ಹವ್ಯಾಸಗಳ ಕಾಲಮ್ಮಿನಲ್ಲಿ ಟ್ರೆಕ್ಕಿಂಗ್ ಪಕ್ಕ ಹೋಗಿ ಕೂರುತ್ತದೆ.